ಐದಕ್ಕೆ ಎಷ್ಟು ಕೊಡ್ತೀರಿ ಅಂತ ಕೇಳಾಯ್ತು, ಈಗ ಲೆಕ್ಕ ಹೆಂಗೆ?

ಪ್ರಾಜೆಕ್ಟ್ ಸೀಸನ್ ಅಲ್ವಾ, ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷ್ಯ. ಫಾರಂ ಹಂಚಿದೀವಿ, ಒಂದರಿಂದ ಐದರವರೆಗೆ ಟಿಕ್ ಮಾಡ್ಸಿದೀವಿ, ಎಕ್ಸೆಲ್‌ಗೂ ಹಾಕಿದೀವಿ, ಮುಂದೇನು ಅಂತ. ಹಂಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ ಬಿಟ್ಟಿದೀನಿ. ಜಿಎಸ್‌ಟಿ ಬಗ್ಗೆ ಕೇಳಿರೋರು ಸ್ವಲ್ಪ ತಡ್ಕೊಳ್ಳಿ.

ಪ್ರಶ್ನೆ: ಮೇಷ್ಟ್ರೇ, ನಾನು ಹಾಸನದಲ್ಲಿ ಎಂಬಿಎ ಕೊನೆ ಸೆಮ್. ಬಸ್ ಪ್ರಯಾಣಿಕರ ಸರ್ವೆ ಮಾಡಿದೀನಿ, 12 ಹೇಳಿಕೆ, ಪ್ರತಿಯೊಂದಕ್ಕೂ ‘ಒಪ್ಪೋದೇ ಇಲ್ಲ’ ಇಂದ ‘ಪೂರ್ತಿ ಒಪ್ತೀನಿ’ ತನಕ ಐದು ಆಪ್ಷನ್. ಟೌನ್ ಒಳಗೆ ಓಡಾಡೋರು, ಹಳ್ಳಿ ರೂಟ್‌ನೋರು ಅಂತ ಎರಡು ಗುಂಪು. ನಮ್ಮ ಗೈಡ್ ಪ್ರತಿ ಪ್ರಶ್ನೆಗೂ ಮೀನ್ (ಸರಾಸರಿ) ತೆಗ್ದು ಟಿ-ಟೆಸ್ಟ್ (ಎರಡು ಗುಂಪಿನ ಸರಾಸರಿ ನಿಜವಾಗ್ಲೂ ಬೇರೆನಾ ಅಂತ ನೋಡೋ ಲೆಕ್ಕ) ಹಾಕು ಅಂದ್ರು. ಪ್ರೀ-ವೈವಾಗೆ ಬಂದಿದ್ದ ಇನ್ನೊಬ್ರು ಸರ್, ಇದು ಆರ್ಡಿನಲ್ (ಕ್ರಮ ಮಾತ್ರ ಹೇಳೋ) ಡೇಟಾ, ಮೀನ್ ತೆಗೆಯೋದೇ ತಪ್ಪು, ಮೀಡಿಯನ್ (ಸಾಲಾಗಿ ಜೋಡಿಸಿದ್ರೆ ಮಧ್ಯದಲ್ಲಿ ಬರೋ ಬೆಲೆ) ಬರ್ದು ಮ್ಯಾನ್-ವಿಟ್ನಿ ಟೆಸ್ಟ್ ಮಾಡು ಅಂದ್ರು. ಯಾರ ಮಾತು ಕೇಳ್ಲಿ? — ಎಂಬಿಎ ವಿದ್ಯಾರ್ಥಿನಿ, ಹಾಸನ

ಉತ್ತರ: ನೋಡಮ್ಮ, ಇಬ್ರ ಮಾತಲ್ಲೂ ಅರ್ಧರ್ಧ ಸತ್ಯ ಇದೆ, ಆದ್ರೆ ಇಬ್ರೂ ನಿನ್ನ ಶೀಟ್ ತೆಗ್ದು ನೋಡಿದಂಗೆ ಕಾಣಲ್ಲ. ಮೊದ್ಲು ಮಾಡ್ಬೇಕಾಗಿರೋದು ಮೀನೂ ಅಲ್ಲ ಮೀಡಿಯನ್ನೂ ಅಲ್ಲ, ಎಣಿಸೋದು. 1 ಎಷ್ಟು ಜನ ಕೊಟ್ರು, 2 ಎಷ್ಟು ಜನ, ಹಿಂಗೆ ಪ್ರತಿ ಪ್ರಶ್ನೆಗೂ ಐದು ಸಂಖ್ಯೆ ಬರ್ಕೋ, ಎರಡೂ ಗುಂಪಿಗೆ ಬೇರೆ ಬೇರೆ.

ಯಾಕೆ ಅಂತ ಒಂದು ಸುಮ್ನೆ ಕಟ್ಟಿದ ಲೆಕ್ಕದಲ್ಲಿ ನೋಡು. ‘ಸಂಜೆ ಬಸ್ಸು ಟೈಮಿಗೆ ಸಿಗುತ್ತೆ’ ಅನ್ನೋ ಹೇಳಿಕೆಗೆ 100 ಜನ ಉತ್ತರ ಕೊಟ್ರು ಅಂತ ಇಟ್ಕೋ, 1 ಕೊಟ್ಟೋರು 30, 2 ಕೊಟ್ಟೋರು 10, 3 ಕೊಟ್ಟೋರು 5, 4 ಕೊಟ್ಟೋರು 20, 5 ಕೊಟ್ಟೋರು 35. ಮೀನ್ ಹಾಕಿದ್ರೆ 3.2. ಅದನ್ನ ನೋಡಿ ಪ್ರಾಜೆಕ್ಟ್ ರಿಪೋರ್ಟಲ್ಲಿ ಏನು ಬರೀತಾರೆ, ‘ಪ್ರಯಾಣಿಕರು ತಟಸ್ಥರಾಗಿದ್ದಾರೆ’ ಅಂತ ಬರೀತಾರೆ. ತಟಸ್ಥವಾಗಿರೋರು 100ಕ್ಕೆ 5 ಜನ ಅಷ್ಟೇ! ಮೀಡಿಯನ್ ಹಾಕಿದ್ರೆ 4 ಬರುತ್ತೆ, ಆಗ ‘ಬಹುತೇಕರು ಒಪ್ತಾರೆ’ ಅಂತ ಬರೀತಾರೆ, 30 ಜನ ‘ಒಪ್ಪೋದೇ ಇಲ್ಲ’ ಅಂದಿದ್ದು ಎಲ್ಲಿ ಹೋಯ್ತು? ಟೌನ್‌ನೋರಿಗೆ ಬಸ್ ಸಿಗ್ತಿದೆ, ಹೋಬಳಿ ಕಡೆ ಹೋಗೋರು ಕಾಯ್ತಾ ನಿಂತಿದಾರೆ ಅನ್ನೋದು ಇದರೊಳಗಿರೋ ನಿಜವಾದ ಸುದ್ದಿ ಇರ್ಬೋದು, ಅದು ಆ ಐದು ಸಂಖ್ಯೆಲಿ ಕಾಣುತ್ತೆ, ಒಂದೇ ಸಂಖ್ಯೆ ಮಾಡಿದ ತಕ್ಷಣ ಕಾಣಲ್ಲ.

ಈಗ ಜಗಳದ ವಿಷ್ಯಕ್ಕೆ ಬರ್ತೀನಿ. ಇದು ನಿಮ್ಮ ಕಾಲೇಜಿನ ಜಗಳ ಅಲ್ಲ, ಮುಕ್ಕಾಲು ಶತಮಾನದ್ದು. ರೆನ್ಸಿಸ್ ಲಿಕರ್ಟ್ ಅಂತ ಅಮೆರಿಕಾದ ಮನಶ್ಶಾಸ್ತ್ರಜ್ಞರು, ನಿಮ್ಮ ಗೈಡ್ ‘ಲೈಕರ್ಟ್ ಸ್ಕೇಲ್’ ಅಂತಾರಲ್ಲ ಅವ್ರೇ, 1932ರಲ್ಲಿ ಈ ಪದ್ಧತಿ ಮುಂದಿಟ್ರು. ಅವ್ರು ಒಂದೊಂದೇ ಪ್ರಶ್ನೆ ಹಿಡ್ಕೊಂಡು ಕೂತೋರಲ್ಲ, ಒಂದೇ ವಿಷ್ಯದ ಮೇಲೆ ಹಲವಾರು ಹೇಳಿಕೆ ಕೊಟ್ಟು ಅಂಕಗಳನ್ನ ಕೂಡ್ಸಿದೋರು. ಕಷ್ಟದ ಸೂತ್ರ ಹಾಕಿ ಅಂಕ ಕೊಟ್ರೂ ಸುಮ್ನೆ 1, 2, 3, 4, 5 ಅಂತ ಕೊಟ್ರೂ ಕೊನೆಗೆ ಬರೋ ಮೊತ್ತಗಳು ಹೆಚ್ಚುಕಮ್ಮಿ ಒಂದೇ ಸಾಲಲ್ಲಿ ಹೋಗ್ತಾವೆ ಅಂತ ತೋರಿಸಿದ್ರು, ಹಂಗಾಗಿ ಸುಲಭದ್ದೇ ನಿಂತ್ಕೊಂಡ್ತು. ಆಮೇಲೆ 1946ರಲ್ಲಿ ಎಸ್. ಎಸ್. ಸ್ಟೀವನ್ಸ್ ಅನ್ನೋ ಇನ್ನೊಬ್ರು ಮನಶ್ಶಾಸ್ತ್ರಜ್ಞರು ಬಂದು ಅಳತೆಗಳನ್ನ ನಾಮಿನಲ್ (ಬರೀ ಹೆಸರು), ಆರ್ಡಿನಲ್ (ಕ್ರಮ), ಇಂಟರ್ವಲ್ (ಸಮ ಅಂತರ), ರೇಶಿಯೋ (ಸೊನ್ನೆಯಿಂದ ಅಳೆಯೋದು) ಅಂತ ನಾಲ್ಕು ಜಾತಿ ಮಾಡಿ, ಆರ್ಡಿನಲ್‌ಗೆ ಮೀನ್ ಕಟ್ಟುನಿಟ್ಟಾಗಿ ನೋಡಿದ್ರೆ ಸಲ್ಲದು ಅಂದ್ರು. ನಿಮ್ಮ ಪ್ರೀ-ವೈವಾ ಸರ್ ಮಾತು ಅಲ್ಲಿಂದ ಬಂದಿದ್ದು. ಆದ್ರೆ ಅದೇ ಸ್ಟೀವನ್ಸ್ ಅದೇ ಲೇಖನದಲ್ಲಿ, ಹಂಗೆ ಕಾನೂನು ಮೀರಿ ಲೆಕ್ಕ ಹಾಕಿದ್ರೂ ಎಷ್ಟೋ ಕಡೆ ಉಪಯೋಗಕ್ಕೆ ಬರುತ್ತೆ ಅಂತಾನೂ ಒಪ್ಕೊಂಡಿದಾರೆ, ಆ ಸಾಲನ್ನ ಯಾರೂ ವೈವಾದಲ್ಲಿ ಹೇಳಲ್ಲ.

ಆರ್ಡಿನಲ್ ಅಂದ್ರೆ ಇಷ್ಟೇ. ಹಾಸನ, ಬೇಲೂರು, ಚಿಕ್ಕಮಗಳೂರು ಅಂತ ಸ್ಟಾಪ್‌ಗಳಿಗೆ 1, 2, 3 ನಂಬರ್ ಕೊಟ್ರೆ ಯಾವುದು ಮೊದ್ಲು ಯಾವುದು ಆಮೇಲೆ ಅಂತ ಗೊತ್ತಾಗುತ್ತೆ, ಆದ್ರೆ ಹಾಸನದಿಂದ ಬೇಲೂರಿಗೆ 40 ಕಿಲೋಮೀಟರ್ ಹತ್ರ, ಬೇಲೂರಿಂದ ಚಿಕ್ಕಮಗಳೂರಿಗೆ 25ರ ಆಸುಪಾಸು, ನಂಬರ್ ನೋಡಿದ್ರೆ ಎರಡೂ ‘ಒಂದು’ ಸ್ಟಾಪ್. ‘ಒಪ್ಪಲ್ಲ’ ಇಂದ ‘ಗೊತ್ತಾಗ್ತಿಲ್ಲ’ಕ್ಕೆ ಇರೋ ದೂರಾನೂ ‘ಒಪ್ತೀನಿ’ ಇಂದ ‘ಪೂರ್ತಿ ಒಪ್ತೀನಿ’ಗೆ ಇರೋ ದೂರಾನೂ ಒಂದೇ ಅಂತ ನಿಂಗೆ ಯಾರು ಹೇಳಿದ್ರು? ಯಾರೂ ಹೇಳಿಲ್ಲ, ಮೀನ್ ತೆಗೆಯುವಾಗ ನಾವೇ ಹಂಗೆ ಅಂದ್ಕೋತೀವಿ.

ಹಂಗಂತ ಮೀನ್ ಮುಟ್ಲೇಬಾರ್ದು ಅನ್ನೋನು ನಾನಲ್ಲ. ನಿನ್ನ 12ರಲ್ಲಿ ಒಂದು ಐದಾರು ಹೇಳಿಕೆ ನಿಜವಾಗ್ಲೂ ಒಂದೇ ವಿಷ್ಯ, ಅಂದ್ರೆ ಬಸ್ಸಿನ ಸಮಯಪಾಲನೆ, ಅದರ ಬಗ್ಗೆ ಇದ್ರೆ ಅವುಗಳನ್ನ ಕೂಡ್ಸಿ ಒಂದು ಸ್ಕೋರ್ ಮಾಡು, ಆ ಸ್ಕೋರಿಗೆ ಮೀನ್ ತೆಗಿ, ಟಿ-ಟೆಸ್ಟ್ ಹಾಕು, ಎರಡು ಗುಂಪಿನ ಏರಿಳಿತ ಬೇರೆ ಬೇರೆ ಇದ್ರೂ ನಡಿಯೋ ವೆಲ್ಚ್ ಟೆಸ್ಟೇ ಹಾಕು, ಯಾರಾದ್ರೂ ಕೇಳಿದ್ರೆ ಧೈರ್ಯವಾಗಿ ಉತ್ತರ ಕೊಡು. ಒಂಟಿ ಪ್ರಶ್ನೆ ಆದ್ರೆ ಮಾತ್ರ ಶೇಕಡಾವಾರು ಟೇಬಲ್, ಅಡ್ಡಪಟ್ಟಿ ಚಾರ್ಟ್, ಜೊತೆಗೆ ಮೀಡಿಯನ್, ಅಷ್ಟು ಸಾಕು. ಅಂದಹಾಗೆ ಒಂಟಿ ಪ್ರಶ್ನೆಗೆ ನಾರ್ಮಾಲಿಟಿ ಟೆಸ್ಟ್ (ಡೇಟಾ ಗಂಟೆ ಆಕಾರದ ನಾರ್ಮಲ್ ಹಂಚಿಕೆ ಥರ ಇದ್ಯಾ ಅಂತ ನೋಡೋದು) ಹಾಕಿ ‘ಫೇಲ್ ಆಯ್ತು ಸರ್’ ಅಂತ ಗಾಬರಿ ಆಗೋ ಮಕ್ಳನ್ನ ನೋಡಿದೀನಿ, ಐದೇ ಬೆಲೆ ಇರೋ ಡೇಟಾ ನಾರ್ಮಲ್ ಆಗೋದಾದ್ರೂ ಹೆಂಗೆ? ಸ್ಯಾಂಪಲ್ ಸ್ವಲ್ಪ ದೊಡ್ಡದಿದ್ರೆ ಅದು ಫೇಲ್ ಆಗೋದೇ.

ಇನ್ನು ಮ್ಯಾನ್-ವಿಟ್ನಿ. 1945ರಲ್ಲಿ ವಿಲ್ಕಾಕ್ಸನ್, 1947ರಲ್ಲಿ ಮ್ಯಾನ್ ಮತ್ತು ವಿಟ್ನಿ, ಹಂಗಾಗಿ ಎರಡು ಹೆಸರಲ್ಲೂ ಸಿಗುತ್ತೆ. ಇದು ಮೀಡಿಯನ್ ಹೋಲಿಸೋ ಟೆಸ್ಟ್ ಅಂತ ಎಷ್ಟೋ ನೋಟ್ಸಲ್ಲಿ ಇರುತ್ತೆ, ಅದು ಹಂಗಲ್ಲ. ಅದು ಕೇಳೋ ಪ್ರಶ್ನೆ ಬೇರೆ: ಟೌನ್ ಗುಂಪಿಂದ ಒಬ್ರನ್ನ, ಹಳ್ಳಿ ಗುಂಪಿಂದ ಒಬ್ರನ್ನ ಕಣ್ಮುಚ್ಕೊಂಡು ಎತ್ಕೊಂಡ್ರೆ ಯಾರ ಅಂಕ ಜಾಸ್ತಿ ಇರುತ್ತೆ? ಟೌನ್‌ನಲ್ಲಿ ಮೂರು ಜನ 4, 5, 5 ಕೊಟ್ರು, ಹಳ್ಳಿಲಿ ಮೂರು ಜನ 2, 4, 5 ಕೊಟ್ರು ಅಂದ್ಕೋ. ಒಟ್ಟು 9 ಜೋಡಿ. ಗೆದ್ರೆ 1, ಸಮ ಆದ್ರೆ ಅರ್ಧ ಅಂತ ಲೆಕ್ಕ ಹಾಕಿದ್ರೆ ಟೌನ್‌ಗೆ 6.5 ಸಿಗುತ್ತೆ, 9ರಿಂದ ಭಾಗಿಸಿದ್ರೆ 0.72. ಎರಡು ಗುಂಪೂ ಒಂದೇ ಥರ ಇದ್ದಿದ್ರೆ 0.5 ಹತ್ರ ಇರ್ಬೇಕಿತ್ತು. ಈ 0.72 ಥರದ ಸಂಖ್ಯೆ ರಿಪೋರ್ಟಲ್ಲಿ ಬರಿ, ಬರೀ ಪಿ ವ್ಯಾಲ್ಯೂ (ನಿಜವಾಗಿ ವ್ಯತ್ಯಾಸವೇ ಇಲ್ದೇ ಇದ್ರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಕಾಣೋ ಸಂಭವ) ಬರ್ದು ಬಿಟ್ರೆ ಓದೋರಿಗೆ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಗೊತ್ತಾಗೋದೇ ಇಲ್ಲ.

ಟಿ-ಟೆಸ್ಟೋ ಮ್ಯಾನ್-ವಿಟ್ನಿಯೋ ಅನ್ನೋದನ್ನ ಕಂಪ್ಯೂಟರಲ್ಲಿ ಸಾವಿರಾರು ಸಲ ಆಡ್ಸಿ ನೋಡಿದಾರೆ, 1ರಿಂದ 5ರವರೆಗಿನ ಅಂಕದ ಡೇಟಾದಲ್ಲಿ ಬಹುಪಾಲು ಸಲ ಎರಡೂ ಒಂದೇ ತೀರ್ಪು ಕೊಡುತ್ವೆ, ಉತ್ತರಗಳು ಒಂದೇ ಕಡೆ ಗುಡ್ಡೆ ಬಿದ್ದಾಗ ಅಥವಾ ಎರಡು ತುದಿಲಿ ಒಡೆದು ಕೂತಾಗ ಬೇರೆ ಆಗ್ತಾವೆ. ಎರಡೂ ಕೈ ಕೊಡೋ ಜಾಗಾನೂ ಒಂದಿದೆ. ಒಂದು ಗುಂಪಲ್ಲಿ 40 ಜನಾನೂ 3 ಕೊಟ್ರು, ಇನ್ನೊಂದರಲ್ಲಿ 20 ಜನ 1, 20 ಜನ 5 ಕೊಟ್ರು ಅಂತಿಟ್ಕೋ. ಮೀನ್ ಎರಡರಲ್ಲೂ 3, ಮೀಡಿಯನ್ ಎರಡರಲ್ಲೂ 3, ಮ್ಯಾನ್-ವಿಟ್ನಿ ಜೋಡಿ ಲೆಕ್ಕಾನೂ ಸರಿಯಾಗಿ 0.5. ಟಿ-ಟೆಸ್ಟ್ ಏನೂ ವ್ಯತ್ಯಾಸ ಇಲ್ಲ ಅನ್ನುತ್ತೆ, ಮ್ಯಾನ್-ವಿಟ್ನಿನೂ ಅದನ್ನೇ ಅನ್ನುತ್ತೆ, ನಿನ್ನ ಗೈಡೂ ಆ ಸರ್ರೂ ಇಬ್ರೂ ತಲೆ ಅಲ್ಲಾಡಿಸ್ತಾರೆ. ಒಂದು ಗುಂಪು ಸಮಾಧಾನವಾಗಿ ಕೂತಿದೆ, ಇನ್ನೊಂದು ಒಳಗೊಳಗೇ ಹೊಡೆದಾಡ್ತಿದೆ! ಇದನ್ನ ಹಿಡಿಯೋಕೆ ಎರಡು ಗುಂಪಿನ ಎಣಿಕೆಗಳನ್ನೇ ಹೋಲಿಸೋ ಕೈ-ಸ್ಕ್ವೇರ್ ಟೆಸ್ಟ್ ಬೇಕು, ಅದಕ್ಕೆ ಕ್ರಮ ಗೊತ್ತಿಲ್ಲ, ಆದ್ರೆ ಹಂಚಿಕೆಯ ಆಕಾರ ಬೇರೆ ಅಂತ ಕೂಗಿ ಹೇಳುತ್ತೆ. ಎಣಿಸು ಅಂತ ಮೊದ್ಲೇ ಹೇಳಿದ್ದು ಅದಕ್ಕೇ.

ವಯಸ್ಸು, ರೂಟು, ಪಾಸ್ ಇದ್ಯೋ ಇಲ್ವೋ ಎಲ್ಲಾ ಒಟ್ಟಿಗೆ ನೋಡ್ಬೇಕು ಅನ್ನಿಸಿದ್ರೆ ಆರ್ಡಿನಲ್ ಲಾಜಿಸ್ಟಿಕ್ ರಿಗ್ರೆಶನ್ ಅಂತ ಇದೆ, 1980ರಲ್ಲಿ ಪೀಟರ್ ಮೆಕಲಾ ಅನ್ನೋ ಸಂಖ್ಯಾಶಾಸ್ತ್ರಜ್ಞರು ಅದಕ್ಕೆ ಒಳ್ಳೆ ರೂಪ ಕೊಟ್ರು. ಅದರ ಚಂದ ಏನಂದ್ರೆ ಸ್ಟಾಪ್‌ಗಳ (ಅಂದ್ರೆ ಆಪ್ಷನ್‌ಗಳ) ಮಧ್ಯೆ ದೂರ ಎಷ್ಟು ಅಂತ ಡೇಟಾನೇ ಹೇಳುತ್ತೆ, ನಾವು ಸಮ ಅಂತ ಅಂದ್ಕೋಬೇಕಾಗಿಲ್ಲ. ಎಂಬಿಎ ಪ್ರಾಜೆಕ್ಟಿಗೆ ಅಷ್ಟು ಬೇಕಿಲ್ಲ ಅಂತ ನನ್ನ ಅಭಿಪ್ರಾಯ, ಆದ್ರೂ ಆರ್ ಸಾಫ್ಟ್‌ವೇರ್ ಬರೋದಾದ್ರೆ ಒಂದು ಕೈ ನೋಡು, ದುಡ್ಡೇನೂ ಕೊಡ್ಬೇಕಾಗಿಲ್ಲ.

ಪ್ರಶ್ನೆ: ಸರ್, ಶಿಕ್ಷಕರ ಮನೋಭಾವದ ಬಗ್ಗೆ 14 ಹೇಳಿಕೆಗಳ ಪ್ರಶ್ನಾವಳಿ ಮಾಡಿದ್ದೆ. ಕ್ರೋನ್‌ಬಾಕ್ ಆಲ್ಫಾ (ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದ್ತಾವೆ ಅನ್ನೋ ಅಳತೆ) 0.41 ಬಂದಿದೆ. 0.7 ಇಲ್ದೆ ಥೀಸಿಸ್ ಒಪ್ಪಲ್ಲ ಅಂತಾರೆ. ಯಾವ ಪ್ರಶ್ನೆ ಕಿತ್ತಾಕ್ಲಿ? — ಬಿ.ಎಡ್ ಕಾಲೇಜು ಉಪನ್ಯಾಸಕರು, ಚಿಕ್ಕಮಗಳೂರು

ಉತ್ತರ: ಕಿತ್ತಾಕೋ ಮುಂಚೆ ಒಂದು ಕೇಳ್ತೀನಿ ಸಾರ್, ನಿಮ್ಮ ಹೇಳಿಕೆಗಳಲ್ಲಿ ಉಲ್ಟಾ ಇರೋವು ಎಷ್ಟಿವೆ? ‘ಪಾಠ ಮಾಡೋದು ಖುಷಿ ಕೊಡುತ್ತೆ’ ಅಂತ ಒಂದು, ‘ಯಾವಾಗ ಬೆಲ್ ಹೊಡೆಯುತ್ತೋ ಅಂತ ಕಾಯ್ತೀನಿ’ ಅಂತ ಇನ್ನೊಂದು ಇದ್ರೆ, ಎರಡನೇದರ ಅಂಕ ತಿರುಗಿಸ್ಬೇಕು. 6ರಿಂದ ಕಳೀರಿ, 5 ಇದ್ದಿದ್ದು 1 ಆಗುತ್ತೆ, 2 ಇದ್ದಿದ್ದು 4 ಆಗುತ್ತೆ. ಇದನ್ನ ಮರ್ತರೆ ಆಲ್ಫಾ ನೆಲಕ್ಕೆ ಬೀಳುತ್ತೆ, ಕೆಲವು ಸಲ ಮೈನಸ್‌ಗೂ ಹೋಗುತ್ತೆ. ನಂಗೆ ಬರೋ ಇಂಥ ಪತ್ರಗಳಲ್ಲಿ ಅರ್ಧಕ್ಕರ್ಧ ಇದೇ ಕಾಯಿಲೆ.

ತಿರುಗಿಸಿದ ಮೇಲೂ ಕಡ್ಮೆ ಇದ್ರೆ ನಿಮ್ಮ 14 ಹೇಳಿಕೆ ಒಂದೇ ವಿಷ್ಯ ಕೇಳ್ತಿಲ್ಲ ಅಂತ ಅರ್ಥ. ಸಂಬಳ, ಹೆಡ್ಮಾಸ್ಟ್ರು, ಮಕ್ಕಳು, ಟ್ರಾನ್ಸ್‌ಫರ್ ಎಲ್ಲಾ ಒಂದೇ ಚೀಲಕ್ಕೆ ಹಾಕಿ ‘ಮನೋಭಾವ’ ಅಂತ ಚೀಟಿ ಅಂಟಿಸಿರ್ತೀವಿ. ಬೇರೆ ಬೇರೆ ಉಪಸ್ಕೇಲ್ ಮಾಡಿ ನೋಡಿ.

ಇನ್ನು ಆ 0.7 ಅನ್ನೋ ಗೆರೆ, ಅದೇನು ಬ್ರಹ್ಮಲಿಖಿತ ಅಲ್ಲ. ಲೀ ಕ್ರೋನ್‌ಬಾಕ್ 1951ರಲ್ಲಿ ಆಲ್ಫಾ ಬರೆದ್ರು, ಗೆರೆ ಆಮೇಲೆ ಬಂತು. ಜೊತೆಗೆ ಒಂದು ತಮಾಷೆ ಇದೆ, ಹೇಳಿಕೆಗಳ ಸಂಖ್ಯೆ ಜಾಸ್ತಿ ಮಾಡಿದ್ರೆ ಆಲ್ಫಾ ತಾನಾಗೇ ಏರುತ್ತೆ. ಹೇಳಿಕೆಗಳ ಮಧ್ಯೆ ಸರಾಸರಿ ಕೋರಿಲೇಶನ್ (ಒಂದರ ಜೊತೆ ಇನ್ನೊಂದು ಏರಿಳಿಯೋ ನಂಟು) 0.3 ಅಂತ ಇಟ್ಕೊಂಡ್ರೆ 5 ಹೇಳಿಕೆಗೆ 0.68, 10ಕ್ಕೆ 0.81, 20ಕ್ಕೆ 0.90. ಪ್ರಶ್ನೆಗಳೇನೂ ಚೆನ್ನಾಗಿ ಆಗ್ಲಿಲ್ಲ, ಉದ್ದ ಆದ್ವು ಅಷ್ಟೇ. ಹಂಗಾಗಿ ಆಲ್ಫಾ ಚೆನ್ನಾಗಿ ಬಂತು ಅಂತ ಎಲ್ಲಾ ಒಂದೇ ವಿಷ್ಯ ಅಳೀತಿದೆ ಅಂತ ಸಾಬೀತಾಗಲ್ಲ, ಅದಕ್ಕೆ ಯಾವ ಹೇಳಿಕೆಗಳು ಒಟ್ಟಿಗೆ ಗುಂಪು ಕೂಡ್ತಾವೆ ಅಂತ ನೋಡೋ ಫ್ಯಾಕ್ಟರ್ ಅನಾಲಿಸಿಸ್ ಬೇಕು. ಮತ್ತೆ ಒಂದೊಂದೇ ಪ್ರಶ್ನೆ ಕಿತ್ತು ಕಿತ್ತು 0.7 ಮುಟ್ಟಿಸೋ ಕೆಲ್ಸ ದಯವಿಟ್ಟು ಬೇಡ, ಅದೇ ಡೇಟಾದಲ್ಲಿ ಕಿತ್ತು ಅದೇ ಡೇಟಾದಲ್ಲಿ ಚೆನ್ನಾಗಿದೆ ಅಂದ್ರೆ ಯಾರು ನಂಬ್ತಾರೆ.

ಪ್ರಶ್ನೆ: ಮೇಷ್ಟ್ರೇ ನಮಸ್ಕಾರ. ನಮ್ಮ ಬೆಳೆಗಾರರ ಸಂಘದಿಂದ ಕಾಳುಮೆಣಸಿನ ರೋಗ ನಿರ್ವಹಣೆ ಬಗ್ಗೆ ತರಬೇತಿ ಮಾಡಿದ್ವಿ. ತರಬೇತಿಗೆ ಮುಂಚೆ ಒಂದ್ಸಲ, ಆದ್ಮೇಲೆ ಒಂದ್ಸಲ ‘ನಿಮಗೆ ಎಷ್ಟು ವಿಶ್ವಾಸ ಇದೆ, 1ರಿಂದ 5’ ಅಂತ ಬರೆಸ್ಕೊಂಡಿದೀವಿ. ಹೆಸರು ಬರೆಸ್ಲಿಲ್ಲ, ಜನ ಸಂಕೋಚ ಪಡ್ತಾರೆ ಅಂತ. ಈಗ ಯಾವ ಟೆಸ್ಟ್? — ಸಂಘದ ಕಾರ್ಯದರ್ಶಿ, ಸಕಲೇಶಪುರ ತಾಲೂಕು

ಉತ್ತರ: ಇಲ್ಲೇ ಎಡವಟ್ಟಾಗಿರೋದು ಗೌಡ್ರೇ. ಅದೇ ಮನುಷ್ಯರ ಮುಂಚಿನ ಉತ್ತರಾನೂ ಆಮೇಲಿನ ಉತ್ತರಾನೂ ಜೋಡಿ ಮಾಡಿದ್ರೆ ವಿಲ್ಕಾಕ್ಸನ್ ಸೈನ್ಡ್ ರ‍್ಯಾಂಕ್ ಅಂತ ಸೊಗಸಾದ ಟೆಸ್ಟ್ ಇತ್ತು, ಇಲ್ಲಾ ಇನ್ನೂ ಸರಳವಾಗಿ ಎಷ್ಟು ಜನ ಏರಿದ್ರು, ಎಷ್ಟು ಜನ ಇಳಿದ್ರು ಅಂತ ಎಣಿಸೋ ಸೈನ್ ಟೆಸ್ಟ್ ಇತ್ತು. ಹೆಸರೂ ಇಲ್ಲ ಗುರುತೂ ಇಲ್ಲ ಅಂದ್ರೆ ಜೋಡಿ ಮಾಡೋದು ಹೆಂಗೆ? ಈಗ ಎರಡೂ ಕಡೆಯ ಶೇಕಡಾವಾರು ಟೇಬಲ್ ಅಕ್ಕಪಕ್ಕ ಇಟ್ಟು ತೋರ್ಸಿ, ಟೆಸ್ಟ್ ಹಾಕಕ್ಕೆ ಹೋಗ್ಬೇಡಿ. ಎರಡು ಬೇರೆ ಬೇರೆ ಗುಂಪು ಅಂತ ತಿಳ್ಕೊಂಡು ಮ್ಯಾನ್-ವಿಟ್ನಿ ಹಾಕೋರಿದಾರೆ, ಅದು ಅದೇ ಜನ ಅನ್ನೋ ವಿಷ್ಯಾನೇ ಮರೆಸಿಬಿಡುತ್ತೆ.

ಮುಂದಿನ ಸಲ ಹೆಸರು ಬೇಡ, ಒಂದು ಗುಟ್ಟಿನ ಗುರುತು ಬರೆಸಿ: ತಾಯಿ ಹೆಸರಿನ ಮೊದಲ ಅಕ್ಷರ, ಹುಟ್ಟಿದ ತಾರೀಕು, ಫೋನ್ ನಂಬರಿನ ಕೊನೆ ಎರಡು ಅಂಕಿ. ಯಾರು ಅಂತ ನಿಮಗೂ ಸುಲಭಕ್ಕೆ ಗೊತ್ತಾಗಲ್ಲ, ಜೋಡಿ ಮಾತ್ರ ಕೂಡುತ್ತೆ. ಇನ್ನೊಂದು, ತರಬೇತಿ ಮುಗಿದ ಕೂಡ್ಲೇ, ಊಟಕ್ಕೆ ಎದ್ದೋಗೋ ಹೊತ್ತಲ್ಲಿ, ಎದುರಿಗೆ ಕಲಿಸ್ಕೊಟ್ಟೋರು ನಿಂತಿರುವಾಗ ಅಂಕ ಕೇಳಿದ್ರೆ ಯಾರು 2 ಕೊಡ್ತಾರೆ ಹೇಳಿ, ನಮ್ಮ ಮಲೆನಾಡ ಜನ ಅಷ್ಟು ಮುಖ ಮುರಿಯೋರಲ್ಲ. ಮುಂಗಾರು ಮುಗಿದ ಮೇಲೆ ಇನ್ನೊಂದ್ಸಲ ಕೇಳಿ, ಜೊತೆಗೆ ವಿಶ್ವಾಸದ ಬದ್ಲು ‘ಬೋರ್ಡೋ ದ್ರಾವಣ ಹೊಡೆದ್ರಾ, ಬಸಿಗಾಲುವೆ ತೆಗೆದ್ರಾ’ ಅಂತ ಹೌದು-ಇಲ್ಲ ಕೇಳಿ. ಕೊಳೆರೋಗ ಬರೋದು ಮಳೆಲಿ ತಾನೇ.

ಪ್ರಶ್ನೆ: 25 ಪ್ರಶ್ನೆಲಿ ಗಂಡು-ಹೆಣ್ಣು ಹೋಲಿಸಿದೆ. ಎರಡರಲ್ಲಿ ಪಿ ವ್ಯಾಲ್ಯೂ 0.05ಕ್ಕಿಂತ ಕಡ್ಮೆ. ಅದೇ ನನ್ನ ಮುಖ್ಯ ಫೈಂಡಿಂಗ್ ಅಂತ ಬರೀಬೋದಾ? — ಪತ್ರಿಕೋದ್ಯಮ ವಿದ್ಯಾರ್ಥಿ, ಹಾಸನ

ಉತ್ತರ: ಬೇಡ ಕಣಪ್ಪ. ಏನೂ ವ್ಯತ್ಯಾಸ ಇಲ್ದೇ ಇದ್ರೂ 25 ಟೆಸ್ಟ್ ಹಾಕಿದ್ರೆ ಸರಾಸರಿ ಒಂದು ಚಿಲ್ಲರೆ ಹಂಗೇ ಬೀಳುತ್ತೆ. ಪ್ರಶ್ನೆಗಳು ಒಂದಕ್ಕೊಂದು ಸಂಬಂಧ ಇಲ್ದೇ ಇದ್ರೆ, ಕನಿಷ್ಠ ಒಂದಾದ್ರೂ ಸುಳ್ಳು ಸುದ್ದಿ ಸಿಗೋ ಸಂಭವ 72 ಪರ್ಸೆಂಟ್. 0.05ನ 25ರಿಂದ ಭಾಗಿಸು, 0.002 ಬರುತ್ತೆ, ಅದಕ್ಕಿಂತ ಕೆಳಗೆ ಇದ್ಯಾ ನೋಡು. ಇದಕ್ಕೆ ಬಾನ್‌ಫೆರೋನಿ ತಿದ್ದುಪಡಿ ಅಂತಾರೆ. ಸ್ವಲ್ಪ ಕಠಿಣ, ಆದ್ರೆ ಹೆಡ್‌ಲೈನ್ ಬರೆಯೋ ಹುಡುಗರಿಗೆ ಕಠಿಣವಾಗೇ ಇರ್ಲಿ.

ಪ್ರಶ್ನೆ: ಹಾಸನಾಂಬ ದರ್ಶನದ ಕ್ಯೂ ವ್ಯವಸ್ಥೆಗೆ ಐದಕ್ಕೆ ಎಷ್ಟು ಅಂತ ಗೂಗಲ್ ಫಾರಂ ಮಾಡಿ ವಾಟ್ಸಾಪ್ ಗ್ರೂಪ್‌ಗಳಿಗೆ ಬಿಟ್ಟಿದ್ವಿ, ನೂರಾರು ಜನ ತುಂಬಿದಾರೆ. ಇಷ್ಟು ಸ್ಯಾಂಪಲ್ ಸಾಕಲ್ವಾ? — ಅರಸೀಕೆರೆ ಓದುಗರು

ಉತ್ತರ: ಸಂಖ್ಯೆ ಸಾಕು, ಜನ ಸಾಲ್ದು. ನಿಮ್ಮ ಗ್ರೂಪಲ್ಲಿ ಇರೋರು, ಅದರಲ್ಲೂ ಲಿಂಕ್ ಒತ್ತೋವಷ್ಟು ಸಿಟ್ಟೋ ಸಂತೋಷಾನೋ ಇರೋರು ತುಂಬಿದಾರೆ. ವರ್ಷಕ್ಕೊಂದ್ಸಲ ದೀಪಾವಳಿ ಹೊತ್ತಿಗೆ ಬಾಗ್ಲು ತೆಗೆಯೋ ಗುಡಿ, ಹಳ್ಳಿಯಿಂದ ಬಂದು ಗಂಟೆಗಟ್ಲೆ ನಿಂತ ಅಜ್ಜಿ ಹತ್ರ ಸ್ಮಾರ್ಟ್‌ಫೋನ್ ಎಲ್ಲಿರುತ್ತೆ? 1936ರ ಅಮೆರಿಕಾ ಚುನಾವಣೆಗೆ ಲಿಟರರಿ ಡೈಜೆಸ್ಟ್ ಪತ್ರಿಕೆ 20 ಲಕ್ಷಕ್ಕೂ ಮೇಲೆ ಜನರ ಉತ್ತರ ಸೇರ್ಸಿ ಲ್ಯಾಂಡನ್ ಗೆಲ್ತಾರೆ ಅಂತು, ರೂಸ್ವೆಲ್ಟ್ 48 ರಾಜ್ಯದಲ್ಲಿ 46 ಗೆದ್ರು. ಮುಂದಿನ ವರ್ಷ ಸಾಲಿನಿಂದ ಹೊರಗೆ ಬರೋ ಜಾಗದಲ್ಲಿ ನಿಂತು, ಬೇರೆ ಬೇರೆ ಹೊತ್ತಲ್ಲಿ, ಪ್ರತಿ 20ನೇಯವ್ರನ್ನ ಮಾತಾಡ್ಸಿ. ಧರ್ಮದರ್ಶನ, ಟಿಕೆಟ್ ದರ್ಶನ ಬೇರೆ ಬೇರೆ ಬರ್ಕೊಳ್ಳಿ. ‘ಗೊತ್ತಿಲ್ಲ’ ಅಂದೋರಿಗೆ 3 ಹಾಕ್ಬೇಡಿ, ಅದು ಬೇರೆ ಕಾಲಂ.

ಪ್ರಶ್ನೆ: ಮೂಡಿಗೆರೆ ಹತ್ರ ನಮ್ದೊಂದು ಹೋಂಸ್ಟೇ. 212 ರಿವ್ಯೂ ಸೇರಿ 4.5 ಸ್ಟಾರ್. ಪಕ್ಕದ ಎಸ್ಟೇಟಿನೋರು ಹೊಸ್ದಾಗಿ ಶುರು ಮಾಡಿದಾರೆ, 8 ರಿವ್ಯೂಗೆ 4.9. ಹುಡುಕಿದ್ರೆ ಅವ್ರು ಮೇಲೆ ಬರ್ತಾರೆ. ಇದ್ಯಾವ ನ್ಯಾಯ ಮೇಷ್ಟ್ರೇ? — ಹೋಂಸ್ಟೇ ಮಾಲೀಕರು

ಉತ್ತರ: ಆ್ಯಪ್‌ನೋರು ಯಾವ ಲೆಕ್ಕದಲ್ಲಿ ಮೇಲೆ ಕೆಳಗೆ ಮಾಡ್ತಾರೋ ಅವ್ರಿಗೇ ಬಿಟ್ಟಿದ್ದು, ನಾನು ಸ್ಟಾರ್ ಲೆಕ್ಕ ಮಾತ್ರ ಹೇಳ್ತೀನಿ. 8 ಜನರ 4.9 ಅಂದ್ರೆ ಏಳು ಜನ 5, ಒಬ್ರು 4 ಕೊಟ್ಟಿದಾರೆ ಅಂತ, ಒಟ್ಟು 39. ಮೊದಲ ಎಂಟು ಗೆಸ್ಟು ಯಾರು ಅಂತ ನಿಮಗೇ ಗೊತ್ತು, ನೆಂಟರು, ನೆಂಟರ ಫ್ರೆಂಡ್ಸು. ನಾಳೆ ಒಬ್ರು 1 ಕೊಟ್ರೆ 4.4ಕ್ಕೆ ಬೀಳ್ತಾರೆ. ನಿಮಗೆ ಒಬ್ರು 1 ಕೊಟ್ರೆ 4.5 ಅಲ್ಲಾಡೋದೂ ಕಾಣಲ್ಲ.

ಇದಕ್ಕೊಂದು ಉಪಾಯ ಇದೆ, ಬೇಸಿಯನ್ ಸರಾಸರಿ ಅಂತಾರೆ. ಈ ಸೀಮೆಯ ಹೋಂಸ್ಟೇಗಳ ಸಾಧಾರಣ ಅಂಕ 4.2 ಅಂತ ಅಂದಾಜು ಇಟ್ಕೊಂಡು, ಪ್ರತಿಯೊಬ್ರಿಗೂ ಆ ಅಂಕದ 20 ಕಲ್ಪನೆಯ ರಿವ್ಯೂ ಸೇರ್ಸಿ. ಅವರದ್ದು 28 ರಿವ್ಯೂ ಆಗಿ 4.39ಕ್ಕೆ ಇಳಿಯುತ್ತೆ, ನಿಮ್ದು 232 ಆಗಿ 4.47ರಲ್ಲಿ ನಿಲ್ಲುತ್ತೆ. ನೀವೇ ಮೇಲೆ! ಆದ್ರೆ ಸ್ವಾಮಿ, 20ರ ಬದ್ಲು 10 ಸೇರ್ಸಿದ್ರೆ ಅವ್ರು 4.5, ನೀವು 4.49, ಕೂದಲೆಳೆಲಿ ಅವ್ರು ಮುಂದೆ. ಎಷ್ಟು ಸೇರಿಸ್ಬೇಕು ಅನ್ನೋದು ಲೆಕ್ಕ ಹಾಕೋನ ವಿವೇಚನೆ, ಅದನ್ನ ಮುಚ್ಚಿಟ್ಟು ನಿಮ್ಮನ್ನ ಖುಷಿ ಪಡಿಸಕ್ಕೆ ನಾನು ತಯಾರಿಲ್ಲ.

ಸ್ಟಾರ್ ಬಿಟ್ಟು ಹಂಚಿಕೆ ನೋಡ್ಕೊಳ್ಳಿ. ಆನ್‌ಲೈನ್ ರಿವ್ಯೂಗಳಲ್ಲಿ 5 ತುಂಬಾ, 1 ಒಂದಿಷ್ಟು, ಮಧ್ಯದಲ್ಲಿ ಬಡತನ, ಎಲ್ಲಾ ಕಡೆ ಹಿಂಗೇ, ಯಾಕಂದ್ರೆ ಸಾಧಾರಣ ಅನ್ನಿಸಿದೋರು ಬರೆಯೋ ಗೋಜಿಗೇ ಹೋಗಲ್ಲ. ಹಂಗಾಗಿ ಹೊರಡುವಾಗ ಬಿಲ್ ಜೊತೆ ಒಂದು ಚಿಕ್ಕ ಚೀಟಿ ಎಲ್ರಿಗೂ ಕೊಡಿ, ಊಟ, ಬಿಸಿನೀರು, ರಸ್ತೆ, ಮೂರಕ್ಕೂ ಬೇರೆ ಬೇರೆ ಅಂಕ. 1 ಮತ್ತೆ 2 ಎಲ್ಲಿ ಬಿದ್ದಿದೆ ಅಂತ ತಿಂಗಳಿಗೊಂದ್ಸಲ ಎಣಿಸಿ. ರಸ್ತೆಗೆ ಬಿದ್ದಿದ್ರೆ ಪಂಚಾಯ್ತಿಗೆ ಅರ್ಜಿ ಕೊಡಿ, ಬಿಸಿನೀರಿಗೆ ಬಿದ್ದಿದ್ರೆ ಬಾಯ್ಲರ್ ರಿಪೇರಿ ಮಾಡ್ಸಿ.